ಕರಿಕಂಬಳಿಯವನಿಗೊಬ್ಬ ಅಪ್ಪ ಬೇಕಂತೆ

ನಮ್ಮ ಅಪ್ಪ ಹನ್ನೆರಡು ಪುಸ್ತಕಗಳಲ್ಲಿ ಎಷ್ಟು ಜನರನ್ನು ಕೊಂದನೋ ನಾನು ಎಣಿಸಿಲ್ಲ. ಆದರೆ ಅಷ್ಟೂ ಹೆಣಗಳನ್ನು ಬರೆದುಕೊಂಡವಳು ನಾನೇ. ನಾಲ್ಕನೆಯ ಇಯತ್ತೆಯಿಂದ ಮ್ಯಾಟ್ರಿಕ್‌ವರೆಗೆ, ಇಳಕಲ್ಲಿನ ನಮ್ಮ ಮನೆಯ ಕುಣಿಮಗ್ಗದ ಪಕ್ಕದಲ್ಲಿ ಗೆರೆಪಟ್ಟಿ ಹಿಡಿದು ಕೂತು ಬರೆದೆ. ಅಪ್ಪ ಕುಣಿಯಲ್ಲಿ ಕಾಲು ಇಳಿಬಿಟ್ಟು, ಲಾಳಿ ಒಗೆಯುತ್ತ ಕತೆ ಹೇಳುತ್ತಿದ್ದ. ಲಾಳಿ ಎಡಕ್ಕೆ ಹೋದಾಗ ಕೊಡಲಿ ಎತ್ತಿದರೆ ಬಲಕ್ಕೆ ಬಂದಾಗ ರುಂಡ ಉರುಳುತ್ತಿತ್ತು. ರಾಕ್ಷಸರ ಹೆಸರು ತಪ್ಪಾಗಿ ಬರೆದರೆ ಬೈಯುತ್ತಿರಲಿಲ್ಲ, ಗಾಯ ತಪ್ಪಾದ ಜಾಗದಲ್ಲಿ ಬರೆದರೆ ಮಾತ್ರ ಬೈಯುತ್ತಿದ್ದ.

ಕತೆಯ ನಾಯಕನಿಗೆ ಹೆಸರಿರಲಿಲ್ಲ. ಕಂಡವರೆಲ್ಲ ಅವನನ್ನು ಕರಿಕಂಬಳಿಯವ ಎನ್ನುತ್ತಿದ್ದರು. ಕಾಡುಮನುಷ್ಯ. ಕೆಂಪು ಕಲ್ಲಿನ ಗುಡ್ಡಗಳಲ್ಲಿ ತಾನೇ ಬೆಳೆದವ, ಕೋಟೆ ಕಟ್ಟಿಕೊಂಡು ಬದುಕುವವರನ್ನು ಕಂಡರೆ ಉಗಿಯುವವ, ಎಂಟು ಹೆಡೆಯ ಹಾವನ್ನೂ ಸಾವಿಲ್ಲದ ಮಾಂತ್ರಿಕರನ್ನೂ ಒಂದೇ ಕೊಡಲಿಯಿಂದ ಮುಗಿಸಿ ಮುಂದಿನ ಊರಿಗೆ ನಡೆಯುವವ. ಅಪ್ಪನಿಗೆ ಗೊತ್ತಿದ್ದ ಪರದೇಶವೆಂದರೆ ಬಾದಾಮಿ. ಹಾಗಾಗಿ ಕರಿಕಂಬಳಿಯವ ಸಮುದ್ರ ದಾಟಿ ಯಾವ ದ್ವೀಪಕ್ಕೆ ಹೋದರೂ ಅಲ್ಲಿ ಬಾದಾಮಿಯ ಗುಡ್ಡ, ಬಾದಾಮಿಯ ಹೊಂಡ, ಬಾದಾಮಿಯ ಮಂಗಗಳೇ ಇರುತ್ತಿದ್ದವು. ಅಂಥ ಕ್ರೂರಿ ಹಸಿವಾದಾಗ ಗಂಟು ಬಿಚ್ಚಿ ಖಡಕ್ ರೊಟ್ಟಿ, ಕೆಂಪು ಖಾರ, ಉಳ್ಳಾಗಡ್ಡಿ ತಿನ್ನುತ್ತಿದ್ದ. ಶತ್ರು ಮೈಮೇಲೆ ಬಿದ್ದಾಗಲೂ ಆ ಶತ್ರು ಹೊದ್ದ ಶಾಲಿನ ಅಂಚಿನ ದಡಿ ಸೊಟ್ಟಗಿದೆ ಎಂಬುದು ಮೊದಲು ಅವನ ಕಣ್ಣಿಗೆ ಬೀಳುತ್ತಿತ್ತು. ಬೇರೆ ಯಾವ ನಾಡಿನ ಕಾಡುಮನುಷ್ಯನಿಗೂ ಈ ರೋಗ ಇರಲಿಕ್ಕಿಲ್ಲ.

ಇಳಕಲ್ ಸೀರೆಗೆ ಒಡಲಿನ ಹಾಸು, ಅಂದರೆ ಉದ್ದಕ್ಕೆ ಹಾಯುವ ಎಳೆಗಳು, ಬೇರೆ, ಸೆರಗಿನ ಕೆಂಪು ರೇಷ್ಮೆಯ ಹಾಸು ಬೇರೆ. ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸಿದ ಮೇಲೆಯೇ ನೇಯ್ಗೆ ಶುರು. ಆ ಕೊಂಡಿಯ ಕೆಲಸ ನಮ್ಮ ಮನೆಯಲ್ಲಿ ಅವ್ವನದು. ಒಂದು ಸೀರೆಗೆ ಒಂದು ಅಧ್ಯಾಯ ಎಂಬುದು ಅಪ್ಪನ ನೇಮ. ಒಡಲು ನೇಯುವಾಗ ಕೈ ತನ್ನಷ್ಟಕ್ಕೆ ಓಡುತ್ತದೆ, ಬಾಯಿ ಬಿಡುವಾಗಿರುತ್ತದೆ. ಸೆರಗು ಬಂತೆಂದರೆ ಎಳೆ ಎಣಿಸಬೇಕು, ಬಾಯಿ ಮುಚ್ಚಲೇಬೇಕು. ಆ ಹೊತ್ತಿಗೆ ಕರಿಕಂಬಳಿಯವ ಎಲ್ಲಿದ್ದಾನೋ ಅಲ್ಲಿಗೆ ಅಧ್ಯಾಯ ಮುಗಿಯುತ್ತಿತ್ತು. ಬಾವಿಯಲ್ಲಿದ್ದರೆ ಬಾವಿಯಲ್ಲಿ, ಮೊಸಳೆಯ ಬಾಯಲ್ಲಿದ್ದರೆ ಮೊಸಳೆಯ ಬಾಯಲ್ಲಿ. ಓದುವವರು ಇದನ್ನು ದೊಡ್ಡ ಜಾಣತನ ಎಂದುಕೊಂಡಿದ್ದರು. ಒಮ್ಮೆ ಮಾಟಗಾತಿಯ ಗವಿಯ ಪ್ರಸಂಗದಲ್ಲಿ ಅಪ್ಪನಿಗೆ ಸೆರಗು ಬಂದದ್ದೇ ತಿಳಿಯಲಿಲ್ಲ. ಎಣಿಕೆ ತಪ್ಪಿ ಸೆರಗಿನ ಹಣಿಗೆ ಚಿತ್ತಾರದ ಹಲ್ಲುಗಳು ಒಂದರ ಮೇಲೊಂದು ಏರಿ ಕೂತವು. ಅಂಗಡಿಯವರು ಸೀರೆ ತಿರುಗಿ ಕಳಿಸಿದರು. ಅವ್ವ ಅದನ್ನು ಉಟ್ಟುಕೊಂಡು ಬೀಗರ ಮನೆಗೆಲ್ಲ ಹೋಗಿಬಂದಳು, ಕೇಳಿದವರಿಗೆ ಇದು ಮೂರನೆಯ ಪುಸ್ತಕ ಎಂದು ಹೇಳಿದಳು.

ಪುಸ್ತಕಗಳನ್ನು ಅಚ್ಚು ಹಾಕುತ್ತಿದ್ದದ್ದು ಹಳೆ ಬಾಗಲಕೋಟೆಯ ಒಂದು ಸಣ್ಣ ಮುದ್ರಣಾಲಯ. ಆ ಓಣಿ ಈಗ ಹಿನ್ನೀರಿನ ಅಡಿಗಿದೆ. ಕೈಗೆ ಮಸಿ ಹತ್ತುವ ಕಾಗದ, ಅಂಗಡಿ ಬೋರ್ಡು ಬರೆಯುವವರಿಂದ ಬರೆಸಿದ ಮುಖಪುಟ. ಬಸ್‌ಸ್ಟ್ಯಾಂಡುಗಳಲ್ಲಿ, ಬಾದಾಮಿ ಸ್ಟೇಷನ್ನಿನಲ್ಲಿ ದಾರಕ್ಕೆ ನೇತು ಹಾಕಿ ಮಾರುತ್ತಿದ್ದರು. ಮುಖಪುಟದ ಮೇಲೆ ಅಪ್ಪನ ಹೆಸರು ಇರುತ್ತಿರಲಿಲ್ಲ. ಆ ಮುದ್ರಣಾಲಯ ತನ್ನ ಎಲ್ಲ ಪತ್ತೇದಾರಿ, ಮಾಂತ್ರಿಕ, ಸಾಹಸ ಪುಸ್ತಕಗಳಿಗೂ ಒಂದೇ ಹೆಸರು ಹಾಕುತ್ತಿತ್ತು. ಆ ಹೆಸರಿನ ಮನುಷ್ಯ ಭೂಮಿಯ ಮೇಲೆ ಹುಟ್ಟಿಯೇ ಇರಲಿಲ್ಲ. ಇದರ ಬಗ್ಗೆ ಅಪ್ಪ ಒಂದು ಮಾತೂ ಆಡಲಿಲ್ಲ. ಆಡಿದವಳು ಅವ್ವ. ಬಾದಾಮಿ ಸ್ಟೇಷನ್ನಿನಲ್ಲಿ ಒಬ್ಬರು ಅಪ್ಪನ ಎದುರಿಗೇ ಕೂತು ಅಪ್ಪನ ಪುಸ್ತಕ ಓದುತ್ತಿದ್ದರಂತೆ, ಅಪ್ಪ ಸುಮ್ಮನೆ ಶೇಂಗಾ ಸುಲಿಯುತ್ತ ಕೂತಿದ್ದನಂತೆ. ಅದನ್ನು ನೆನೆದಾಗಲೆಲ್ಲ ಅವ್ವನ ಕಣ್ಣು ತುಂಬುತ್ತಿತ್ತು.

ಅಪ್ಪನ ಬಗ್ಗೆ ಇನ್ನೊಂದು ಮಾತು ಹೇಳಬೇಕು, ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ಅವನು ಕೆರೂರ ಸಂತೆಯಲ್ಲಿ ಸಿಕ್ಕವನು. ಮೂರೋ ನಾಲ್ಕೋ ವರ್ಷದ ಕೂಸು, ಸಂತೆ ಎದ್ದುಹೋದ ಮೇಲೆ ಖಾಲಿ ಚೀಲಗಳ ಮೇಲೆ ಕೂತಿತ್ತಂತೆ. ಇಳಕಲ್ಲಿನಲ್ಲಿ ರೇಷ್ಮೆಗೆ ಬಣ್ಣ ಹಾಕುತ್ತಿದ್ದ ಮುಸಲ್ಮಾನ ಸಾಹೇಬರೊಬ್ಬರು ಕೆಲಸಕ್ಕೆಂದು ಅಲ್ಲಿಗೆ ಹೋಗಿದ್ದರು. ಎರಡು ಸಂತೆ ಕಾದರು, ಯಾರೂ ಕೇಳಿಕೊಂಡು ಬರಲಿಲ್ಲ, ಮನೆಗೆ ಕರೆದುಕೊಂಡು ಬಂದರು. ಅಪ್ಪ ಅವರ ಮನೆಯಲ್ಲಿ ಉಂಡ, ಮಠದ ಸಾಲೆಯಲ್ಲಿ ಕಲಿತ, ಪಕ್ಕದ ಓಣಿಯ ನೇಕಾರರಲ್ಲಿ ಮಗ್ಗ ಹಿಡಿದ. ಯಾರ ಪೈಕಿ, ಯಾರ ಮಗ ಎಂದು ಜನ ಕೇಳಿದರೆ ಕೇಳಿಸದವನ ಹಾಗೆ ಲಾಳಿ ಒಗೆಯುತ್ತಲೇ ಇರುತ್ತಿದ್ದ.

ಇದನ್ನು ತಿಳಿದವರು ಓಹೋ, ಕರಿಕಂಬಳಿಯವ ಎಂದರೆ ನಿಮ್ಮಪ್ಪನೇ ಎಂದು ತಲೆದೂಗುತ್ತಾರೆ. ನನಗೆ ಮೈ ಉರಿಯುತ್ತದೆ. ಅಪ್ಪ ಜಿರಲೆ ಕಂಡರೆ ಕುಣಿಯಿಂದ ಎದ್ದು ಓಡುವ ಮನುಷ್ಯ. ನಾನು ಕಾಲೇಜಿನಲ್ಲಿದ್ದಾಗ ಇದನ್ನೇ ಜಾಣತನದಿಂದ ಅವನ ಮುಂದೆ ಹೇಳಿದ್ದೆ. ನಾನು ಹೇಳುವುದು ಕತೆ, ನನ್ನ ಜಾತಕವಲ್ಲ ಎಂದು ಗದರಿಸಿದ್ದ. ಆದರೆ ಒಂದು ಮಾತು ನಿಜ. ಹನ್ನೆರಡು ಪುಸ್ತಕಗಳಲ್ಲೂ ಒಮ್ಮೆ ಯಾರಾದರೂ ಕರಿಕಂಬಳಿಯವನನ್ನು ಕೇಳುತ್ತಾರೆ: ಯಾರ ಮಗ ನೀನು? ಒಮ್ಮೆ ರಾಜ ಕೇಳುತ್ತಾನೆ, ಒಮ್ಮೆ ಸೂಳೆ ಕೇಳುತ್ತಾಳೆ, ಒಮ್ಮೆ ಕತ್ತು ಕತ್ತರಿಸಿ ಬಿದ್ದ ತಲೆಯೇ ಕೇಳುತ್ತದೆ. ಅವನು ಒಮ್ಮೆಯೂ ಉತ್ತರ ಕೊಡುವುದಿಲ್ಲ. ರೊಟ್ಟಿ ಮುರಿಯುತ್ತಾನೆ, ಕೊಡಲಿ ಒರೆಸುತ್ತಾನೆ, ನಡೆದುಬಿಡುತ್ತಾನೆ. ಓದುವವರು ಆ ಜಾಗ ಬರುವುದನ್ನು ಕಾಯುತ್ತಿದ್ದರು. ಉತ್ತರ ಗೊತ್ತಿಲ್ಲದೆಯೋ, ಹೇಳಬಾರದೆಂದೋ ಎಂದು ನಾನು ಕೇಳಿದಾಗ ಅಪ್ಪ, ‘ಕೇಳಾಂವಗ ಬಾಯಿ ನೋಯ್ಲಿ, ಇವಗೇನ’ ಎಂದಿದ್ದ.

ಹೋದ ವರ್ಷ ಬೆಂಗಳೂರಿನಿಂದ ಫೋನು ಬಂದಾಗ ಅಪ್ಪ ತೀರಿಕೊಂಡು ಆರು ವರ್ಷವಾಗಿತ್ತು. ನಾನು ಹುನಗುಂದದ ಹೈಸ್ಕೂಲಿನಲ್ಲಿ ಗಣಿತ ಹೇಳಿ ನಿವೃತ್ತಳಾಗಿ, ಇಳಕಲ್ಲಿಗೆ ಬಂದು ಅವ್ವನ ಜೊತೆ ಇದ್ದೆ. ಫೋನು ಮಾಡಿದವನು ಸಿನಿಮಾ ನಿರ್ದೇಶಕ. ಮೂವತ್ತೈದರ ಆಸುಪಾಸಿನವನು. ಅವನ ಅಜ್ಜ ರೈಲ್ವೆಯಲ್ಲಿದ್ದರಂತೆ, ಟ್ರಂಕಿನಲ್ಲಿ ಒಂಬತ್ತು ಕರಿಕಂಬಳಿ ಪುಸ್ತಕ ಇಟ್ಟಿದ್ದರಂತೆ. ಇವನು ಅವನ್ನು ಓದಿ ಓದಿ ಬಾಯಿಪಾಠ ಮಾಡಿದ್ದಾನೆ. ಮುದ್ರಣಾಲಯದವರ ಮಕ್ಕಳನ್ನು ಹುಡುಕಿ, ಅವರಿಂದ ನಮ್ಮ ಮನೆ ಹುಡುಕಿದ್ದಾನೆ. ಕರಿಕಂಬಳಿಯವನನ್ನು ಹೊಸದಾಗಿ, ದೊಡ್ಡದಾಗಿ, ಇಡೀ ದೇಶ ನೋಡುವ ಹಾಗೆ ತೆರೆಗೆ ತರುತ್ತೇನೆ ಎಂದ. ಮಾತಿನಲ್ಲಿ ಕಪಟ ಕಾಣಲಿಲ್ಲ, ಇವತ್ತಿಗೂ ಅವನನ್ನು ಕಪಟಿ ಎನ್ನಲಾರೆ. ಕಾಗದಕ್ಕೆ ಅವ್ವನ ಸಹಿ, ನನ್ನ ಸಹಿ ಎರಡೂ ಬೇಕಿತ್ತು.

ಅವ್ವ ಕೇಳಿದ್ದು ಒಂದೇ. ಪರದೆಯ ಮೇಲೆ ನಮ್ಮವರ ಹೆಸರು ಬರುತ್ತದೆಯೇ. ಬರುತ್ತದೆ, ಮೊದಲೇ ಬರುತ್ತದೆ, ಒಂದೇ ಹೆಸರು ಇಡೀ ಪರದೆಗೆ ಎಂದ ಅವನು. ಅವ್ವ ಫೋನು ನನ್ನ ಕೈಗೆ ಕೊಟ್ಟು ಅಡಿಗೆಮನೆಗೆ ಹೋಗಿ ಅತ್ತಳು. ಟೂರಿಂಗ್ ಟಾಕೀಸಿನ ಕಾಲದಲ್ಲಿ ಅಪ್ಪ ಹೆಸರುಗಳು ಶುರುವಾಗುವ ಮೊದಲೇ ಹೋಗಿ ಕೂರಬೇಕು ಎಂದು ಹಟ ಹಿಡಿಯುತ್ತಿದ್ದ. ಬಣ್ಣ ಬಳಿದವರ ಹೆಸರು, ಬಟ್ಟೆ ಹೊಲಿದವರ ಹೆಸರು ಎಲ್ಲವನ್ನೂ ತುಟಿ ಅಲುಗಿಸುತ್ತ ಓದುತ್ತಿದ್ದ. ಆ ತುಟಿಯನ್ನು ಅವ್ವ ಮರೆತಿರಲಿಲ್ಲ. ಹೆಸರು ಬಂದ ದಿನ ತುಳಸಿಗೇರಿ ಹನುಮಪ್ಪನಿಗೆ ಕಾಯಿ ಒಡೆಸುತ್ತೇನೆ ಎಂದು ಹರಕೆ ಹೊತ್ತಳು.

ಚಿತ್ರೀಕರಣಕ್ಕೆ ಜಾಗ ನೋಡಲು, ಫೋಟೋ ತೆಗೆಯಲು ಅವರೆಲ್ಲ ಬಾದಾಮಿಗೆ ಬಂದಾಗ ಕಾರು ಕಳಿಸಿ ನಮ್ಮಿಬ್ಬರನ್ನೂ ಕರೆಸಿಕೊಂಡರು. ಹೊಂಡದ ದಂಡೆಯಲ್ಲಿ ಕರಿಕಂಬಳಿಯವನ ಪಾತ್ರದ ನಟ ನಿಂತಿದ್ದ. ಹೊಟ್ಟೆಯ ಮೇಲೆ ಎಂಟು ಬನ್ನು ಜೋಡಿಸಿದ ಹಾಗಿತ್ತು. ಕಂಬಳಿ ಇರಲಿಲ್ಲ. ಅದರ ಬದಲು ಹೆಗಲಿಗೆ ಕೂದಲಿನ ತೊಗಲು, ಎದೆಗೆ ಚರ್ಮದ ಪಟ್ಟಿ, ಪಟ್ಟಿಗೆ ಕಬ್ಬಿಣದ ಮೊಳೆ. ಈ ಬಿಸಿಲಿಗೆ ಆ ಪೋಷಾಕು ಹಾಕಿದವನು ರಾಕ್ಷಸರಿಂದಲ್ಲ, ಬೊಕ್ಕೆಯಿಂದ ಸಾಯುತ್ತಾನೆ ಎಂದೆ. ಕಂಬಳಿ ಎಲ್ಲಿ ಎಂದು ಕೇಳಿದರೆ, ಕಂಬಳಿ ಹೊದ್ದರೆ ದೇಹ ಕಾಣುವುದಿಲ್ಲ ಮೇಡಂ ಎಂದರು. ರೊಟ್ಟಿಯ ಬದಲು ಹಸಿ ಮಾಂಸ ಹರಿದು ತಿನ್ನುತ್ತಾನೆ ಎಂದರು. ಅಷ್ಟರಲ್ಲಿ ಒಂದು ಮಂಗ ಬಂದು ಆ ಹೆಗಲಿನ ತೊಗಲು ಕಿತ್ತುಕೊಂಡು ಗುಡ್ಡ ಏರಿತು. ನನಗೆ ಅಪ್ಪನೇ ಕಳಿಸಿದನೇನೋ ಅನ್ನುವಷ್ಟು ಖುಷಿಯಾಯಿತು. ಅವ್ವ ಮಾತ್ರ ನಟನನ್ನು ಹತ್ತಿರ ಕರೆದು, ಬೆಳಿಗ್ಗೆಯಿಂದ ಏನು ಉಂಡಿದ್ದೀ ಎಂದು ವಿಚಾರಿಸಿದಳು.

ಊಟದ ಮೇಲೆ ಅವ್ವ ಲಾಡ್ಜಿನ ಕೋಣೆಯಲ್ಲಿ ಮಲಗಿದಳು. ನಿರ್ದೇಶಕ ನನ್ನನ್ನು ಕೂರಿಸಿಕೊಂಡು ಕತೆ ಹೇಳಿದ. ತೊಗಲು, ಮಾಂಸ ಎರಡನ್ನೂ ನುಂಗಿಕೊಂಡೆ. ಸಿನಿಮಾದವರ ಹೊಟ್ಟೆಪಾಡು ಅವರಿಗೆ. ಆದರೆ ಕೊನೆಗೆ ಬಂದಾಗ ಎದ್ದು ನಿಂತೆ. ಕರಿಕಂಬಳಿಯವ ಮಹಾರಾಜನ ಕಳೆದುಹೋದ ಮಗನಂತೆ. ಜ್ಯೋತಿಷಿಯೊಬ್ಬ ಕೇಡು ನುಡಿದದ್ದರಿಂದ ಕೂಸನ್ನು ಗುಡ್ಡದಲ್ಲಿ ಬಿಟ್ಟಿದ್ದರಂತೆ. ತೋಳಿನ ಮೇಲೆ ಹುಟ್ಟುಮಚ್ಚೆ ಇದೆಯಂತೆ.

ನಾನು ಮೂವತ್ತು ವರ್ಷ ಗಣಿತ ಹೇಳಿದವಳು, ಸುತ್ತಿ ಬಳಸಿ ಮಾತಾಡುವುದು ಬರುವುದಿಲ್ಲ. ಒಂಬತ್ತು ಪುಸ್ತಕ ಓದಿ ನೀವು ಕಲಿತದ್ದು ಇದೇನಾ ಎಂದೆ. ಅವನು ಸಮಾಧಾನದಿಂದಲೇ ಹೇಳಿದ: ನೋಡುವವರಿಗೆ ಒಂದು ಭಾವನೆ ಬೇಕು, ಇವನು ಯಾರ ಮಗ ಎಂದು ಗೊತ್ತಾಗದೆ ಅವರು ಎದ್ದು ಹೋಗುವುದಿಲ್ಲ, ಪ್ರಶ್ನೆ ಎತ್ತಿದ ಮೇಲೆ ಉತ್ತರ ಕೊಡಬೇಕು. ಪ್ರಶ್ನೆ ಎತ್ತಿದವರು ಕತೆಯ ಮಂದಿ, ಕರಿಕಂಬಳಿಯವನಲ್ಲ ಎಂದೆ. ಆಗ ಅವನು ಮೆತ್ತಗೆ, ನಿಮ್ಮ ತಂದೆಯವರ ಬಾಲ್ಯದ ಕತೆ ಕೇಳಿದೆ ಮೇಡಂ, ಅದನ್ನೂ ಪ್ರಚಾರದಲ್ಲಿ ಬಳಸಿಕೊಂಡರೆ ಜನರ ಕಣ್ಣಲ್ಲಿ ನೀರು ಬರುತ್ತದೆ ಎಂದ. ಅಲ್ಲಿಗೆ ನನ್ನ ತಾಳ್ಮೆ ತೀರಿತು. ಸಹಿ ಇಲ್ಲ, ನಿಮ್ಮ ಕಾರೂ ಬೇಡ ಎಂದು ಹೇಳಿ, ಮಲಗಿದ್ದ ಅವ್ವನನ್ನು ಎಬ್ಬಿಸಿ, ಎಂಬತ್ತು ದಾಟಿದ ಮುದುಕಿಯನ್ನು ಸುಡು ಬಿಸಿಲಲ್ಲಿ ಬಸ್‌ಸ್ಟ್ಯಾಂಡಿಗೆ ಕರೆದುಕೊಂಡು ಹೋದೆ. ಸಿಟ್ಟಿನ ಕೈಗೆ ಬುದ್ಧಿ ಕೊಟ್ಟರೆ ಆಗುವುದು ಹೀಗೆಯೇ.

ಗುಳೇದಗುಡ್ಡ ದಾಟುವವರೆಗೆ ಅವ್ವ ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತ ಕೂತಿದ್ದಳು. ಆಮೇಲೆ, ಏನಾಯಿತು ಎಂದು ಕೇಳಿದಳು. ಕರಿಕಂಬಳಿಯವನಿಗೆ ಒಬ್ಬ ಅಪ್ಪನನ್ನು ತಂದಿದ್ದಾರೆ ಎಂದು ಹೇಳಿದೆ. ಅಷ್ಟಕ್ಕೇ ಎದ್ದು ಬಂದೆಯಾ ಎಂದು ಅವಳಿಗೆ ಸಿಟ್ಟು ಬಂತು. ನಿನ್ನ ಹಟಕ್ಕೆ ನಿಮ್ಮಪ್ಪನ ಹೆಸರು ಮುಳುಗಿತು, ಹಿಂದೆ ಆ ಮುದ್ರಣಾಲಯದವರು ಮುಳುಗಿಸಿದರು, ಈಗ ಹೊಟ್ಟೆಯಲ್ಲಿ ಹುಟ್ಟಿದವಳು ಮುಳುಗಿಸಿದಳು ಎಂದಳು. ಬಸ್ಸಿನವರೆಲ್ಲ ತಿರುಗಿ ನೋಡಿದರು. ನಾನೂ ಬಿಡಲಿಲ್ಲ, ಅವನು ಯಾರ ಮಗನೂ ಅಲ್ಲ ಎಂಬುದು ನಿನಗೆ ಗೊತ್ತಿಲ್ಲವೇ ಎಂದೆ.

‘ಇರ್ಲಿ ಬಿಡ,’ ಅಂದಳು ಅವ್ವ. ‘ಒಂದ ಹೆಸರಲಾ. ಹಾಕ್ಲಿ. ಮಂದಿ ಬಾಯಿ ಮುಚ್ಚತೈತಿ.’

ಅಂದವಳು ಅಲ್ಲಿಗೇ ಮಾತು ನಿಲ್ಲಿಸಿದಳು. ತಾನು ಆಡಿದ ಮಾತು ತನಗೇ ಕೇಳಿಸಿದವಳ ಹಾಗೆ ಕಿಟಕಿಯ ಕಡೆ ಮುಖ ಮಾಡಿದಳು. ಅಮೀನಗಡ ಬಂತು, ಹುನಗುಂದ ಬಂತು, ಇಳಕಲ್ ಬಂತು, ಅವಳು ಈ ಕಡೆ ತಿರುಗಲಿಲ್ಲ. ನನ್ನ ಮೇಲಿನ ಸಿಟ್ಟು ಎಂದುಕೊಂಡೆ.

ನಾಲ್ಕೈದು ದಿನ ಮನೆಯಲ್ಲಿ ಪಾತ್ರೆಗಳ ಸಪ್ಪಳವಷ್ಟೇ ಇತ್ತು. ಅವ್ವ ಉಣ್ಣುವುದು ಕಡಿಮೆಯಾಯಿತು. ನನಗೆ ಹೆದರಿಕೆಯಾಯಿತು, ನಾಚಿಕೆಯೂ ಆಯಿತು. ಅಪ್ಪನ ಹೆಸರಿಗಾಗಿ ಅವಳು ಐವತ್ತು ವರ್ಷ ಕಾದಿದ್ದಾಳೆ. ನಾನು ಕತೆ ಬರೆದುಕೊಂಡವಳು, ಹೇಳಿದವಳಲ್ಲ. ಕರಿಕಂಬಳಿಯವ ಅಪ್ಪನಿಲ್ಲದೆ ಇರಲಿ ಎಂದು ನಾನು ಕುಣಿಯುತ್ತಿದ್ದರೆ ಅದರ ಬೆಲೆ ತೆರುತ್ತಿರುವವಳು ಇವಳು. ಸೋಲುವುದು ನನ್ನ ಸ್ವಭಾವದಲ್ಲಿಲ್ಲ, ಆದರೂ ಸೋತೆ. ಒಂದು ಮುಂಜಾನೆ ಅವಳ ಮುಂದೆ ಕೂತು, ಸಹಿ ಮಾಡುತ್ತೇನೆ, ಅವನಿಗೆ ಬೇಕಾದಷ್ಟು ಅಪ್ಪಂದಿರನ್ನು ತಂದುಕೊಳ್ಳಲಿ ಎಂದೆ. ‘ಅವನ್ನ ಮನಿಗೆ ಕರಸು,’ ಎಂದಳು ಅವ್ವ, ಅಷ್ಟೇ.

ಮರುವಾರ ನಿರ್ದೇಶಕ ಒಬ್ಬನೇ ಬಂದ. ಕಾಗದ, ಪೆನ್ನು, ಲ್ಯಾಪ್‌ಟಾಪು ಎಲ್ಲ ತಂದಿದ್ದ. ಅವ್ವ ಮೊದಲು ಉಣ್ಣಲು ಹಾಕಿದಳು. ಖಡಕ್ ರೊಟ್ಟಿ ಮುರಿಯಲು ಅವನು ಪಟ್ಟ ಪಾಡು ನೋಡಿ ನನಗೆ ನಗು ಬಂತು, ತಡೆದುಕೊಂಡೆ. ಉಂಡಾದ ಮೇಲೆ ಅವ್ವ ಕತೆ ಹೇಳು ಎಂದಳು. ಅವನು ಹೇಳಿದ. ಚೆನ್ನಾಗಿ ಹೇಳಿದ ಎಂದೂ ಒಪ್ಪಬೇಕು; ಗವಿಯ ಪ್ರಸಂಗದಲ್ಲಿ ಅವ್ವ ಚಾಪೆಯ ಮೇಲೆ ಮುಂದಕ್ಕೆ ಸರಿದು ಕೂತಳು. ಕೊನೆಗೆ ಸಾಯುತ್ತಿರುವ ಮಹಾರಾಜ ಕರಿಕಂಬಳಿಯವನ ತೋಳಿನ ಮಚ್ಚೆ ನೋಡಿ, ನೀನು ನನ್ನ ಮಗ ಎಂದ.

‘ಅದಕ್ಕ ಇವ ಏನಂತಾನ?’ ಎಂದು ಕೇಳಿದಳು ಅವ್ವ.

‘ಅಳ್ತಾನೆ ಅಮ್ಮ. ಅಪ್ಪಾ ಅಂತಾನೆ. ಆಮೇಲೆ ಸಿಂಹಾಸನ ಏರ್ತಾನೆ.’

ಅವ್ವ ಚಾಪೆಯ ಮೇಲೆ ಹಿಂದಕ್ಕೆ ಸರಿದು ಕೂತಳು. ‘ಅಂದ್ರ ಇಷ್ಟ ಹೊತ್ತ ಬಡದಾಡಿದ್ದು, ಗೆದ್ದದ್ದು ಎಲ್ಲಾ ರಾಜನ ರಕ್ತ ಆತು. ಇವನ್ದೇನೂ ಇಲ್ಲಂಗಾತು.’

ಅವನು ನನಗೆ ಹೇಳಿದ್ದನ್ನೇ ಅವಳಿಗೂ ಹೇಳಿದ. ನೋಡುವವರು ಕೇಳುತ್ತಾರೆ, ಉತ್ತರ ಕೊಡಬೇಕು, ಕೊನೆಯ ಹತ್ತು ನಿಮಿಷದ ಮಾತು, ಉಳಿದ ಕತೆ ಅಪ್ಪನವರದೇ. ಅವ್ವ ತಲೆ ಅಲ್ಲಾಡಿಸಿದಳು.

‘ತಮ್ಮಾ, ನಾ ಭಾಳ ವರ್ಷ ಕೊಂಡಿ ಹಾಕೇನಿ. ಸೆರಗಿನ ಎಳಿ ಮೊದಲ ಕೂಡಸ್ತೀವಿ, ಆಮ್ಯಾಲ ನೇಯ್ತೀವಿ. ನೇಯ್ದು ಮುಗದ ಸೀರಿಗೆ ಎಲ್ಲಿಂದರ ಒಂದ ಸೆರಗ ತಂದು ಹಚ್ಚಿದ್ರ ಅದು ಸೀರಿ ಅಲ್ಲ, ತ್ಯಾಪಿ.’

ಅವನಿಗೆ ತೇಪೆಯ ಮಾತು ಅರ್ಥವಾಯಿತು. ಸಪ್ಪಗಾದ. ಆಗ ಕೊನೆಯ ಅಸ್ತ್ರ ತೆಗೆದ. ಲ್ಯಾಪ್‌ಟಾಪು ಬಿಚ್ಚಿ ಅವ್ವನ ತೊಡೆಯ ಹತ್ತಿರ ಇಟ್ಟ. ಬಾದಾಮಿಯ ಗುಡ್ಡದ ಚಿತ್ರ, ಸಂಜೆಯ ಬಿಸಿಲಿಗೆ ಕಲ್ಲೆಲ್ಲ ಕೆಂಪಾಗಿದೆ. ಅದರ ಮೇಲೆ ಬಂಗಾರದ ಬಣ್ಣದಲ್ಲಿ, ಪರದೆಯ ಈ ತುದಿಯಿಂದ ಆ ತುದಿಗೆ, ಅಪ್ಪನ ಹೆಸರು. ಕತೆ ಎಂದು ಮೇಲೆ ಸಣ್ಣದಾಗಿ ಇತ್ತು, ಅದು ಕಣ್ಣಿಗೆ ಬೀಳುತ್ತಿರಲಿಲ್ಲ. ಅಪ್ಪನದು ಐದು ಅಕ್ಷರದ ಹೆಸರು. ಅವ್ವ ನಡುವಯಸ್ಸಿನಲ್ಲಿ ನನ್ನಿಂದ ಓದು ಕಲಿತವಳು, ಒಂದೊಂದೇ ಅಕ್ಷರಕ್ಕೆ ಬೆರಳಿಟ್ಟು ಓದಬೇಕು. ಬೆರಳಿಟ್ಟು ಓದಿದಳು. ಮತ್ತೆ ಮೊದಲಿನಿಂದ ಓದಿದಳು. ಆ ಕ್ಷಣ ಮಹಾರಾಜನಿಗೂ ಮಚ್ಚೆಗೂ ನಾನು ಸಹಿ ಹಾಕಿಬಿಡುತ್ತಿದ್ದೆ.

ಅವ್ವ ಕಣ್ಣು ಪರದೆಯಿಂದ ತೆಗೆಯದೆ, ನಾನು ಹುಟ್ಟಿ ಇಷ್ಟು ವರ್ಷದಲ್ಲಿ ಒಮ್ಮೆಯೂ ಕೇಳದ ಒಂದು ಸಂಗತಿ ಹೇಳಿದಳು. ತನ್ನ ಮತ್ತು ಅಪ್ಪನ ಲಗ್ನದ ಮಾತು. ಹುಡುಗ ಒಳ್ಳೆಯವನು, ಕೈಯಲ್ಲಿ ಕಸಬಿದೆ ಎಂದು ಅವಳ ಅಪ್ಪ ಒಪ್ಪಿದ್ದರಂತೆ. ಲಗ್ನಪತ್ರಿಕೆ ಅಚ್ಚು ಹಾಕಿಸುವಾಗ ತೊಡಕಾಯಿತು. ಇಂಥವರ ಮಗ ಎಂದು ಏನು ಬರೆಸುವುದು? ಸಾಕಿದ ಸಾಹೇಬರ ಹೆಸರು ಬರೆಸುತ್ತೇನೆ ಎಂದ ಅಪ್ಪ; ಅವ್ವನ ಕಡೆಯ ಹಿರಿಯರು ಒಪ್ಪಲಿಲ್ಲ. ಅವರೇ ಒಂದು ದಾರಿ ಹುಡುಕಿದರು. ಮಕ್ಕಳಿಲ್ಲದ ಒಬ್ಬ ಮರ್ಯಾದಸ್ಥರು, ನನ್ನ ಹೆಸರು ಹಾಕಿಕೊಳ್ಳಲಿ, ನನ್ನದೇನು ಹೋಗುತ್ತದೆ ಎಂದು ಮುಂದೆ ಬಂದರು. ಎಲ್ಲರಿಗೂ ಹಗುರಾಯಿತು, ಅಪ್ಪನನ್ನು ಬಿಟ್ಟು. ಅವನು ಒಲ್ಲೆ ಎಂದು ಕೂತ. ಲಗ್ನ ಮುರಿಯುವ ಹಾಗಾಯಿತು. ಆಗ ಅವ್ವ, ಹತ್ತೊಂಬತ್ತು ವರ್ಷದವಳು, ಗುಟ್ಟಾಗಿ ಅವನಿಗೆ ಹೇಳಿ ಕಳಿಸಿದಳಂತೆ.

‘ಒಂದ ಹೆಸರಲಾ, ಹಾಕಸು, ಮಂದಿ ಬಾಯಿ ಮುಚ್ಚತೈತಿ ಅಂತ ಹೇಳಿ ಕಳಿಸಿದ್ನಿ,’ ಎಂದಳು ಅವ್ವ. ‘ಅವರು ತಿರುಗಿ ಹೇಳಿ ಕಳಿಸಿದ್ರು: ಇಲ್ಲದ ಅಪ್ಪನ್ನ ಹಾಕಿದ್ರ, ಇದ್ದ ನಾ ಸುಳ್ಳ ಆಗ್ತೇನಿ.’

ಕಡೆಗೆ ಪತ್ರಿಕೆಯಲ್ಲಿ ಅಪ್ಪನ ಹೆಸರೊಂದೇ ಅಚ್ಚಾಯಿತು, ಅದರ ಹಿಂದೆ ಮುಂದೆ ಯಾರೂ ಇಲ್ಲದೆ. ಅವ್ವನ ಕಡೆಯ ಅರ್ಧ ಜನ ಲಗ್ನಕ್ಕೆ ಬರಲಿಲ್ಲ. ಅಪ್ಪ ಆ ಮಾತನ್ನು ಮುಂದೆ ಒಮ್ಮೆಯೂ ಎತ್ತಿ ಆಡಲಿಲ್ಲವಂತೆ. ಹಂಗಿಸಿದ್ದರೆ ಮರೆಯುತ್ತಿದ್ದೆ, ಹಂಗಿಸಲಿಲ್ಲ, ಅದಕ್ಕೇ ಉಳಿದುಕೊಂಡಿತು ಎಂದಳು. ಬಸ್ಸಿನಲ್ಲಿ ಅವಳು ಯಾಕೆ ಮುಖ ತಿರುಗಿಸಿದಳು ಎಂಬುದು ನನಗೆ ಆಗ ತಿಳಿಯಿತು.

‘ಒಮ್ಮೆ ಅಂದು ತಪ್ಪ ಮಾಡೇನಿ. ಈಗ ಅವರು ಇಲ್ಲ, ತಿರುಗಿ ಹೇಳಾಕ ಬರಂಗಿಲ್ಲ. ಅದಕ್ಕ ನಾನಽ ಹೇಳ್ತೇನಿ, ಬ್ಯಾಡ.’

ನಿರ್ದೇಶಕ ತಂದಿದ್ದ ಕಾಗದಗಳನ್ನು ಮಡಿಸಿ ಚೀಲದೊಳಗೆ ಇಟ್ಟ. ಕತೆ ಬದಲಿಸಲು ತನ್ನ ಮೇಲಿನವರು ಒಪ್ಪುವುದಿಲ್ಲ ಎಂದ. ಮುಚ್ಚಿಡದೆ ಇನ್ನೊಂದು ಮಾತನ್ನೂ ಹೇಳಿದ: ಕಂಬಳಿ ಹೇಗೂ ಇಲ್ಲ, ನಾಯಕನನ್ನು ಬೇರೆ ಯಾವುದಾದರೂ ಹೆಸರಿನಿಂದ ಕರೆದು, ಪುಸ್ತಕಗಳ ಪ್ರಸಂಗಗಳನ್ನು ಬಿಟ್ಟು, ಸಿನಿಮಾ ಮಾಡಬೇಕಾಗುತ್ತದೆ. ನಾನು ಜಗಳಕ್ಕೆ ಸಿದ್ಧಳಾದೆ. ಅವ್ವ ನನ್ನ ಮೊಣಕಾಲ ಮೇಲೆ ಕೈಯಿಟ್ಟಳು. ‘ಮಾಡಪಾ, ಛಂದ ಮಾಡು,’ ಎಂದಳು ಅವನಿಗೆ. ‘ಅವ ನಿನ್ನ ಮಗಾ. ಅವಗ ಅಪ್ಪ ಇರ್ಲಿ.’

ಅವನು ಲ್ಯಾಪ್‌ಟಾಪು ಮುಚ್ಚಲು ಹೋದ. ಅವ್ವ ತಡೆದಳು. ಹೀಗೇ ಮುಚ್ಚಿದರೆ ಹೆಸರು ಒಳಗೇ ಉಳಿಯುತ್ತದೆ, ನಾಳೆ ಯಾರಾದರೂ ಆ ರಾಜನ ಕತೆಗೆ ಹಚ್ಚಿಬಿಡುತ್ತಾರೆ, ನನ್ನ ಕಣ್ಣ ಮುಂದೆ ತೆಗೆ ಎಂದಳು. ಅವನು ನನ್ನ ಮುಖ ನೋಡಿದ. ನಾನು ಏನು ಹೇಳಲಿ? ಹಾಗೆ ಅಳಿಸಿದರೆ ಅಳಿಯುವುದಿಲ್ಲ ಅವ್ವಾ, ಅದರ ಪ್ರತಿಗಳು ಇನ್ನೆಲ್ಲೋ ಇರುತ್ತವೆ ಎಂದು ಹೇಳುವ ಧೈರ್ಯ ನನಗೂ ಇರಲಿಲ್ಲ, ಅವನಿಗೂ ಇರಲಿಲ್ಲ. ಅವನು ಹೆಸರಿನ ಕೊನೆಗೆ ಬಂದು ಗುಂಡಿ ಒತ್ತಿದ. ಕೊನೆಯ ಅಕ್ಷರ ಹೋಯಿತು. ಅವ್ವ ಉಳಿದ ನಾಲ್ಕನ್ನು ಬೆರಳಿಟ್ಟು ಓದಿದಳು. ಮತ್ತೊಂದು ಹೋಯಿತು, ಉಳಿದ ಮೂರನ್ನು ಓದಿದಳು. ಎರಡನ್ನು ಓದಿದಳು. ಕೊನೆಗೆ ಮೊದಲ ಅಕ್ಷರವೊಂದೇ ಆ ಕೆಂಪು ಕಲ್ಲಿನ ಮೇಲೆ ಉಳಿಯಿತು, ಅವನ ಬೆರಳು ನಿಂತಿತು.

‘ಅದನ್ನೂ ತಗಿ,’ ಎಂದಳು ಅವ್ವ.

ಬಾದಾಮಿಯಲ್ಲಿ ಅಷ್ಟು ಹಾರಾಡಿದವಳು ನಾನು. ಆ ಅಕ್ಷರ ಹೋಗುವಾಗ ಕಣ್ಣು ಮುಚ್ಚಿಕೊಂಡೆ. ಅವ್ವ ಮುಚ್ಚಿಕೊಳ್ಳಲಿಲ್ಲ.